ಕಡಲನೀರಿನ ಅಕ್ವೇರಿಯಂನಲ್ಲಿ ಚಿಪ್ಪುಜೀವಿಗಳ ಪಾಲನೆ

(ಮುಂಬಯಿಯಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಠ್ಯ)



ವೇದಿಕೆಯ ಬಲಭಾಗದ ಮೇಜಿನ ಮೇಲೆ ಎರಡು ಗಾಜಿನ ಜಾಡಿಗಳನ್ನು ಇರಿಸಿರುವುದನ್ನು ತಾವು ಗಮನಿಸಿರಬಹುದು. ಎರಡರಲ್ಲಿಯೂ ಸುಮಾರು ಮೂರು ಮೂರು ಲೀಟರ್ ಸಮುದ್ರದ ನೀರಿದೆ. ಎರಡಕ್ಕೂ ಒಂದೇ ಅಳತೆಯಲ್ಲಿ ಹಸಿರು ಪಾಚಿಯ ದ್ರವವನ್ನು ಬೆರೆಸಲಾಗಿದೆ. ಪಾಚಿ ತಳಕ್ಕೆ ಇಳಿಯದಂತೆ ಎರಡಕ್ಕೂ ಸಣ್ಣ ಗಾಳಿಯಂತ್ರದ ನಳಿಕೆಯನ್ನು ಇಳಿಬಿಡಲಾಗಿದೆ. ವ್ಯತ್ಯಾಸ ಇಷ್ಟೇ: ಒಂದು ಜಾಡಿಯಲ್ಲಿ ಬರಿಯ ನೀರಿದೆ; ಇನ್ನೊಂದರ ತಳದಲ್ಲಿ ಇಂದು ಬೆಳಿಗ್ಗೆ ಮೀನಿನ ಮಾರುಕಟ್ಟೆಯಿಂದ ಜೀವಂತವಾಗಿ ತಂದ ಹನ್ನೆರಡು ಚಿಪ್ಪುಗಳಿವೆ. ಮುಂಬಯಿಯ ಗೃಹಿಣಿಯರು ‘ತಿಸ್ರ್ಯಾ’ ಎಂದು ಕರೆಯುವ ಚಿಪ್ಪುಗಳೇ ಅವು. ಜಾಡಿಗಳ ಹಿಂದೆ ಅಚ್ಚಾದ ಒಂದೊಂದು ಹಾಳೆಯನ್ನು ಅಂಟಿಸಿದ್ದೇನೆ. ಸದ್ಯಕ್ಕೆ ಆ ಅಕ್ಷರಗಳನ್ನು ಯಾವ ಜಾಡಿಯ ಮೂಲಕವೂ ಓದಲಾಗದು. ಅವು ಅಲ್ಲಿಯೇ ಇರಲಿ; ನಾವು ವಿಷಯಕ್ಕೆ ಬರೋಣ.

ನಾನು ವಿಜ್ಞಾನಿಯಲ್ಲ ಎಂಬುದನ್ನು ಆರಂಭದಲ್ಲಿಯೇ ನಿವೇದಿಸಿಕೊಳ್ಳುತ್ತೇನೆ. ಕನ್ನಡದಲ್ಲಿ ಎಂ.ಎ. ಪದವಿ ಪಡೆದು, ಕೇಂದ್ರ ಸರ್ಕಾರದ ಮಂತ್ರಾಲಯವೊಂದರಲ್ಲಿ ಅನುವಾದಕನಾಗಿ ಸೇವೆ ಸಲ್ಲಿಸುತ್ತಿದ್ದೇನೆ. ಈ ನಗರದಲ್ಲಿ ಕೆಲವು ವರ್ಷ ವಾಸವಾಗಿದ್ದಾಗ ಮನೆಯಲ್ಲಿ ಕಡಲನೀರಿನ ಅಕ್ವೇರಿಯಂ ಒಂದನ್ನು ಇಟ್ಟುಕೊಂಡಿದ್ದೆ. ಅದರಲ್ಲಿ ಒಂದು ತಪ್ಪು ಮಾಡಿದೆ. ಆ ತಪ್ಪನ್ನು ತಿಳಿಯಲು ಹೊರಟಾಗ ದೊರೆತ ಅರಿವನ್ನೇ ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಹೆಸರಿನ ವಿಚಾರ. ಎರಡು ಚಿಪ್ಪುಗಳ ನಡುವೆ ಮೈಯನ್ನು ಅಡಗಿಸಿಕೊಂಡು ಬಾಳುವ ಮೃದ್ವಂಗಿಗಳನ್ನು ಪಠ್ಯಪುಸ್ತಕಗಳು ‘ದ್ವಿಕವಾಟಿಗಳು’ ಎಂದು ಕರೆಯುತ್ತವೆ. ಎರಡು ಬಾಗಿಲುಗಳುಳ್ಳದ್ದು ಎಂಬ ಅರ್ಥದ ಈ ಪದ ಸೊಗಸಾಗಿದೆಯಾದರೂ ನಮ್ಮ ಕರಾವಳಿಯ ಜನ ಅದಕ್ಕಾಗಿ ಕಾಯುತ್ತ ಕುಳಿತಿರಲಿಲ್ಲ. ಉತ್ತರ ಕನ್ನಡದಲ್ಲಿ ಬಳಚು, ಕಲ್ವ, ತುಳುನಾಡಿನಲ್ಲಿ ಮರುವಾಯಿ, ಬಂಡೆಗೆ ಅಂಟಿಕೊಂಡು ಬೆಳೆಯುವ ಹಸಿರಂಚಿನದಕ್ಕೆ ನೀಲಿಕಲ್ಲು. ಬಯಲುಸೀಮೆಯವರಾದ ನಮಗೆ ಎಲ್ಲವೂ ಕಪ್ಪೆಚಿಪ್ಪೇ. ಇವುಗಳ ಆಹಾರಕ್ರಮವನ್ನು ಸೂಚಿಸುವ ಇಂಗ್ಲಿಷ್ ಪದವನ್ನು ಒಮ್ಮೆ ಕನ್ನಡಿಸಬೇಕಾಗಿ ಬಂದಾಗ ‘ಶೋಧಭಕ್ಷಕ’ ಎಂದು ಬರೆದು ಹೆಮ್ಮೆಪಟ್ಟಿದ್ದೆ. ಕುಮಟೆಯ ಕಡೆಯ ಸಹೋದ್ಯೋಗಿಯೊಬ್ಬರು ಅದನ್ನು ಓದಿ, “ಅಲ್ಲ ಮಾರಾಯರೇ, ಇದು ಏನನ್ನು ಶೋಧನೆ ಮಾಡ್ತದೆ? ನೀರು ಸೋಸಿ ತಿನ್ತದೆ ಅಂದ್ರೆ ಸಾಲದೇ?” ಎಂದು ಕೇಳಿದರು. ಸಾಲುತ್ತದೆ. ಇಂದಿನ ಮಾತಿನಲ್ಲಿ ‘ಸೋಸಿ ತಿನ್ನುವ ಚಿಪ್ಪುಜೀವಿಗಳು’ ಎಂದೇ ಹೇಳುತ್ತೇನೆ.

ಈ ಸೋಸುವ ಕ್ರಿಯೆ ಹೇಗೆ ನಡೆಯುತ್ತದೆ ಎಂಬುದನ್ನು ತುಸು ವಿವರವಾಗಿಯೇ ನೋಡಬೇಕು. ಮೀನಿಗೆ ಕಿವಿರು ಇರುವುದು ಉಸಿರಾಟಕ್ಕಾಗಿ. ಚಿಪ್ಪುಜೀವಿಯ ಕಿವಿರು ಉಸಿರಾಟದ ಜೊತೆಗೆ ಜರಡಿಯ ಕೆಲಸವನ್ನೂ ಮಾಡುತ್ತದೆ. ಅದರ ಮೇಲೆ ಲಕ್ಷಾಂತರ ಸೂಕ್ಷ್ಮ ರೋಮಗಳಿದ್ದು, ಅವು ಒಂದೇ ಲಯದಲ್ಲಿ ಬೀಸುತ್ತ ನೀರನ್ನು ಒಳಗೆ ಸೆಳೆಯುತ್ತವೆ. ನೀರಿನಲ್ಲಿ ತೇಲುವ ಕಣಗಳು ಕಿವಿರಿಗೆ ತಗಲಿ, ಲೋಳೆಯಲ್ಲಿ ಸಿಕ್ಕಿಕೊಂಡು, ಬಾಯಿಯ ಕಡೆಗೆ ಸಾಗುತ್ತವೆ. ಬಾಯಿಯ ಪಕ್ಕದಲ್ಲಿ ತುಟಿಗಳಂತಹ ಎರಡು ಜೊತೆ ಅಂಗಗಳಿವೆ. ತಿನ್ನಲು ಯೋಗ್ಯವಾದುದನ್ನು ಒಳಕ್ಕೆ ಬಿಟ್ಟು, ಮಣ್ಣು ಮರಳಿನ ಕಣಗಳನ್ನು ಲೋಳೆಯ ಉಂಡೆ ಕಟ್ಟಿ ಹೊರಗೆ ತಳ್ಳುವುದು ಅವುಗಳ ಕೆಲಸ. ಅಕ್ಕಿಯಲ್ಲಿ ಕಲ್ಲು ಆರಿಸುವ ಈ ಕಾರ್ಯವನ್ನು ಕಣ್ಣಿಗೆ ಕಾಣದಷ್ಟು ಚಿಕ್ಕ ಕಣಗಳ ಮೇಲೆ, ಹಗಲಿರುಳು, ಬಹುಮಟ್ಟಿಗೆ ಬಿಡುವಿಲ್ಲದೆ ಈ ಜೀವಿಗಳು ನಡೆಸುತ್ತವೆ. ಅನುಕೂಲ ಸನ್ನಿವೇಶದಲ್ಲಿ ಬೆಳೆದ ಸಿಂಪಿಯೊಂದು ಒಂದು ಗಂಟೆಯಲ್ಲಿ ಹಲವು ಲೀಟರ್ ನೀರನ್ನು ಸೋಸಬಲ್ಲದು. ‘ಬಿಡುವಿಲ್ಲದೆ’ ಎಂಬ ಮಾತನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಬರುವ ಎಲ್ಲ ತೊಂದರೆಗಳೂ ಅದರಿಂದಲೇ ಹುಟ್ಟುತ್ತವೆ.

ಕಳೆದ ಕೆಲವು ದಶಕಗಳಲ್ಲಿ ನಮ್ಮ ಮಹಾನಗರಗಳಲ್ಲಿ ಮನೆಯೊಳಗೆ ಕಡಲನ್ನು ಇಟ್ಟುಕೊಳ್ಳುವ ಹವ್ಯಾಸ ಬೆಳೆದಿದೆ. ಮುಂಬಯಿಯ ಜನರಿಗೆ ಇದರ ರುಚಿ ಹತ್ತಿಸಿದ್ದು 1951ರಲ್ಲಿ ಮರೀನ್ ಡ್ರೈವ್‌ನಲ್ಲಿ ಆರಂಭವಾದ ತಾರಾಪೋರ್‌ವಾಲಾ ಅಕ್ವೇರಿಯಂ ಎಂದರೆ ತಪ್ಪಾಗಲಾರದು. ಈಗ ಕಡಲಿನಿಂದ ನೂರಾರು ಕಿಲೋಮೀಟರ್ ದೂರವಿರುವ ದೆಹಲಿಯಲ್ಲಿಯೂ ಪೊಟ್ಟಣದ ಉಪ್ಪನ್ನು ಶುದ್ಧನೀರಿಗೆ ಬೆರೆಸಿ ಕಡಲನೀರನ್ನು ಸಿದ್ಧಪಡಿಸಿಕೊಳ್ಳಬಹುದು. ಮೀನುಗಳಿಂದ ಆರಂಭಿಸಿದವರ ಮನಸ್ಸು ಕ್ರಮೇಣ ಅಪರೂಪದ ಜೀವಿಗಳ ಕಡೆಗೆ ಹೊರಳುತ್ತದೆ. ಅಂಗಡಿಯವರೂ ಅದಕ್ಕೆ ಸಿದ್ಧರಾಗಿಯೇ ಇರುತ್ತಾರೆ.

ಈ ವ್ಯಾಪಾರದಲ್ಲಿ ಕಾಣಿಸಿಕೊಳ್ಳುವ ಚಿಪ್ಪುಜೀವಿಗಳ ಪೈಕಿ ಅತ್ಯಂತ ಜನಪ್ರಿಯವಾದುದು ‘ಫ್ಲೇಮ್ ಸ್ಕ್ಯಾಲಪ್’. ಬೆಂಕಿಯ ಬಣ್ಣದ ಮೈ. ಚಿಪ್ಪಿನ ಬಾಯಂಚಿನಲ್ಲಿ ಕೆಂಪು ಅಥವಾ ಬಿಳಿಯ ನೂರಾರು ಎಳೆಗಳ ಅಂಚು. ಇದು ಕೆರಿಬಿಯನ್ ಸಮುದ್ರ ಹಾಗೂ ಅದರ ಆಸುಪಾಸಿನ ನೀರಿನ ಜೀವಿ; ವೈಜ್ಞಾನಿಕ ಹೆಸರು ಟೀನಾಯ್ಡಿಸ್ ಸ್ಕೇಬರ್. ವಾಸ್ತವವಾಗಿ ಇದು ಸ್ಕ್ಯಾಲಪ್ ಕುಲದ್ದಲ್ಲ. ಚಿಪ್ಪಿನ ಹೊರಮೈ ಬಡಗಿಯ ಅರದಂತೆ ಒರಟಾಗಿರುವ ಬೇರೊಂದು ಕುಟುಂಬಕ್ಕೆ ಸೇರಿದ್ದು. ಇದರ ಸೋದರಸಂಬಂಧಿಯೊಂದು ಇಂಡೊನೇಷ್ಯಾ ಮೊದಲಾದ ಪೂರ್ವದ ಕಡಲುಗಳಲ್ಲಿದೆ. ಅದರ ತುಟಿಯಂಚಿನಲ್ಲಿ ಮಿಂಚು ಹರಿದಂತೆ ಬಿಳಿಯ ಬೆಳಕು ಮಿನುಗುವುದರಿಂದ ‘ಎಲೆಕ್ಟ್ರಿಕ್’ ಎಂಬ ವಿಶೇಷಣ ಹಚ್ಚಿ ಮಾರುತ್ತಾರೆ. ಆ ಬೆಳಕು ಮಿಂಚುಹುಳದ ಬೆಳಕಿನಂತೆ ಒಡಲಿನಲ್ಲಿ ಹುಟ್ಟಿದ್ದಲ್ಲ. ತುಟಿಯಂಚಿನ ಒಂದು ಬದಿಯಲ್ಲಿ ಸಿಲಿಕದ ಅತಿಸೂಕ್ಷ್ಮ ಗೋಳಗಳು ಒತ್ತಾಗಿ ಸೇರಿಕೊಂಡಿದ್ದು, ಅವು ಹೊರಗಿನ ಬೆಳಕನ್ನು ಚದುರಿಸಿ ಹಿಂದಕ್ಕೆ ಕಳುಹಿಸುತ್ತವೆ. ಜೀವಿಯು ಆ ಅಂಚನ್ನು ಬೇಗ ಬೇಗನೆ ಬಿಚ್ಚಿ ಮಡಿಸುವುದರಿಂದ ಮಿನುಗು ಉಂಟಾಗುತ್ತದೆ. ಅಮೆರಿಕದ ಸಂಶೋಧಕಿ ಲಿಂಡ್ಸೆ ಡೊಹರ್ಟಿ ಮತ್ತು ಸಂಗಡಿಗರು 2014ರಲ್ಲಿ ಇದನ್ನು ಪ್ರಕಟಿಸಿದರು. ಇವಲ್ಲದೆ, ಮೈತುಂಬ ಮುಳ್ಳುಗಳಿರುವ, ಬಂಡೆಗೆ ಬೆಸೆದುಕೊಂಡೇ ಜೀವಮಾನವಿಡೀ ಇರುವ ಮುಳ್ಳುಸಿಂಪಿಗಳು ಹವಳದ ತುಂಡುಗಳ ಜೊತೆಯಲ್ಲಿ ಕೆಲವೊಮ್ಮೆ ಮಾರಾಟಕ್ಕೆ ಬರುತ್ತವೆ. ಬೃಹತ್ ಚಿಪ್ಪುಜೀವಿಗಳ ವಿಚಾರವೇ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ನಾನು ಮನೆಗೆ ತಂದದ್ದು ಮೊದಲು ಹೇಳಿದ ಬೆಂಕಿಬಣ್ಣದ ಜೀವಿಯನ್ನು. ಉಪನಗರದ ಅಂಗಡಿಯೊಂದರಲ್ಲಿ ಅದನ್ನು ಕಂಡ ಮಗಳು ಕಾಲು ಕೀಳಲಿಲ್ಲ. ಇದಕ್ಕೆ ಏನು ಉಣಿಸಬೇಕು ಎಂದು ವಿಚಾರಿಸಿದೆ. “ಏನೂ ಬೇಡ ಸಾಹೇಬರೇ, ನೀರಿನಲ್ಲಿರುವುದನ್ನೇ ತಿಂದುಕೊಂಡಿರುತ್ತದೆ” ಎಂಬ ಉತ್ತರ ಬಂದಿತು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ನನ್ನ ತೊಟ್ಟಿಯ ನೀರಿನಲ್ಲಿ ಏನಿದೆ ಎಂದು ನಾನು ನನ್ನನ್ನೇ ಕೇಳಿಕೊಳ್ಳಬೇಕಾಗಿತ್ತು, ಕೇಳಿಕೊಳ್ಳಲಿಲ್ಲ. ತೊಟ್ಟಿಗೆ ಬಿಟ್ಟ ರಾತ್ರಿಯೇ ಅದು ಚಿಪ್ಪುಗಳನ್ನು ಪಟಪಟನೆ ಬಡಿಯುತ್ತ ನೀರಿನಲ್ಲಿ ಹಾರಿ, ಕಲ್ಲಿನ ಸಂದಿಯೊಂದನ್ನು ಸೇರಿ, ತಾನೇ ಸ್ರವಿಸಿದ ದಾರಗಳಿಂದ ಅಲ್ಲಿ ಲಂಗರು ಹಾಕಿಕೊಂಡಿತು. ಮೊದಲ ತಿಂಗಳು ಅದನ್ನು ನೋಡಲೆಂದೇ ನೆಂಟರು ಬಂದರು. ಎರಡನೆಯ ತಿಂಗಳೂ ಹಾಗೆಯೇ ಕಳೆಯಿತು. ಮೂರನೆಯ ತಿಂಗಳಲ್ಲಿ ಮಗಳು, “ಅಪ್ಪಾ, ಇದರ ಕೂದಲು ಗಿಡ್ಡ ಆಗಿದೆ” ಎಂದಳು. ನನಗೆ ಹಾಗೆ ಕಾಣಿಸಲಿಲ್ಲ. ನೀರನ್ನು ಪರೀಕ್ಷಿಸಿದೆ: ಅಮೋನಿಯಾ ಇಲ್ಲ, ನೈಟ್ರೈಟ್ ಇಲ್ಲ, ಲವಣಾಂಶ ಸರಿಯಾಗಿದೆ, ನೀರು ಸ್ಫಟಿಕದಂತೆ ತಿಳಿಯಾಗಿದೆ. ಮಗುವಿನ ಮಾತನ್ನು ಬಿಟ್ಟು ಅಂಕಿಗಳನ್ನು ನಂಬಿದೆ. ನಾಲ್ಕನೆಯ ತಿಂಗಳ ಒಂದು ಬೆಳಿಗ್ಗೆ ಚಿಪ್ಪು ಬಾಯಿ ತೆರೆದುಕೊಂಡು ಬಿದ್ದಿತ್ತು. ಮುಟ್ಟಿದರೂ ಮುಚ್ಚಲಿಲ್ಲ.

ರೋಗ ಬಂದಿತೇ, ವಿಷವಾಯಿತೇ ಎಂದು ಬಹಳ ಯೋಚಿಸಿದೆ. ಎರಡೂ ಅಲ್ಲ. ನಾಲ್ಕು ತಿಂಗಳ ಕಾಲ ಅದು ಹಸಿದಿತ್ತು. ಚಿಪ್ಪುಜೀವಿ ಹಸಿವಿನಿಂದ ಕೂಡಲೇ ಸಾಯುವುದಿಲ್ಲ. ತನ್ನ ಮೈಯಲ್ಲಿ ಕೂಡಿಟ್ಟ ಸತ್ವವನ್ನು ತಾನೇ ಕರಗಿಸಿಕೊಳ್ಳುತ್ತ ವಾರಗಟ್ಟಲೆ, ತಿಂಗಳುಗಟ್ಟಲೆ ಬದುಕುತ್ತದೆ. ಹಸಿದ ನಾಯಿಯ ಪಕ್ಕೆಲುಬು ಕಾಣುತ್ತದೆ. ಹಸಿದ ಮೀನಿನ ಹೊಟ್ಟೆ ಒಳಸೇರುತ್ತದೆ. ಚಿಪ್ಪಿನ ಗಾತ್ರ ಮಾತ್ರ ಕುಗ್ಗುವುದಿಲ್ಲ. ಮನೆ ಇದ್ದಂತೆಯೇ ಇರುತ್ತದೆ, ಒಳಗಿನ ಒಡೆಯ ಮಾತ್ರ ಸವೆಯುತ್ತಿರುತ್ತಾನೆ. ‘ಮೂರು ತಿಂಗಳಿನಿಂದ ಚೆನ್ನಾಗಿಯೇ ಇದೆ’ ಎಂದು ಹವ್ಯಾಸಿಗಳು ಹೇಳುವ ಮಾತಿಗೆ ಆದ್ದರಿಂದಲೇ ಹೆಚ್ಚು ಬೆಲೆಯಿಲ್ಲ. ಈ ಬೆಂಕಿಬಣ್ಣದ ಜೀವಿಗಳು ಮನೆಯ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಕೆಲವೇ ತಿಂಗಳುಗಳಲ್ಲಿ ಮಡಿಯುತ್ತವೆ ಎಂಬುದು ಅನುಭವಿಗಳೆಲ್ಲರೂ ಒಪ್ಪುವ ಸಂಗತಿ.

ಇದರ ಮೂಲಕಾರಣ ನಮ್ಮ ಶುಚಿತ್ವದ ಕಲ್ಪನೆಯಲ್ಲಿದೆ. ಮೀನು ಮತ್ತು ಹವಳಗಳಿಗೆ ಹಿತವಾಗಲೆಂದು ನಾವು ನೀರಿನಲ್ಲಿ ತೇಲುವ ಸಕಲ ಕಣಗಳನ್ನೂ ತೆಗೆದುಹಾಕುತ್ತೇವೆ. ಸ್ಪಂಜಿನ ಶೋಧಕವಿದೆ, ನೊರೆಯೆಬ್ಬಿಸಿ ಸಾವಯವ ಕಶ್ಮಲವನ್ನು ಹೊರತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇದೆ, ಕೆಲವರ ಮನೆಯಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಅತಿನೇರಳೆ ದೀಪವೂ ಇರುತ್ತದೆ. ಇವೆಲ್ಲವೂ ಆ ಚಿಪ್ಪುಜೀವಿಯ ತಟ್ಟೆಯಿಂದ ಅನ್ನವನ್ನು ಕಿತ್ತುಕೊಳ್ಳುವ ಯಂತ್ರಗಳೇ. ಬರಿಗಣ್ಣಿಗೆ ತಿಳಿಯಾಗಿ ಕಾಣುವ ಸಮುದ್ರದಲ್ಲಿಯೂ ಪ್ರತಿ ಲೀಟರಿನಲ್ಲಿ ಅಸಂಖ್ಯಾತ ಪಾಚಿಕಣಗಳಿರುತ್ತವೆ, ಮತ್ತು ಅಲೆಗಳು ಹೊಸ ನೀರನ್ನು ಸದಾ ತಂದು ಸುರಿಯುತ್ತಿರುತ್ತವೆ. ನಮ್ಮ ತೊಟ್ಟಿಯಲ್ಲಿ ಒಂದೇ ನೀರು ಸುತ್ತುತ್ತದೆ. ಅದನ್ನು ಯಂತ್ರ ಒಮ್ಮೆ ಸೋಸಿರುತ್ತದೆ, ಜೀವಿ ಮತ್ತೊಮ್ಮೆ ಸೋಸುತ್ತದೆ. ಎರಡನೆಯ ಬಾರಿ ಸಿಗುವುದು ಏನೂ ಇಲ್ಲ.

ಹಾಗಾದರೆ ಉಣಿಸಿದರಾಯಿತಲ್ಲವೇ ಎಂದು ತಾವು ಕೇಳಬಹುದು. ಏನನ್ನು ಎಂಬುದೇ ಪ್ರಶ್ನೆ. ಮೀನುಗಳಿಗೆ ಹಾಕುವ ಪುಡಿಯಾಗಲಿ, ಮರಿಮೀನುಗಳಿಗೆ ಕೊಡುವ ಆರ್ಟೀಮಿಯ ಸಿಗಡಿಮರಿಯಾಗಲಿ ಇವಕ್ಕೆ ಒದಗುವುದಿಲ್ಲ. ಈಗತಾನೆ ಮೊಟ್ಟೆಯೊಡೆದು ಬಂದ ಆರ್ಟೀಮಿಯ ಮರಿಯೂ ಅರ್ಧ ಮಿಲಿಮೀಟರಿನಷ್ಟು ಉದ್ದವಿರುತ್ತದೆ. ಚಿಪ್ಪುಜೀವಿಗೆ ಒಗ್ಗುವ ಕಣದ ಗಾತ್ರವಾದರೋ ಮಿಲಿಮೀಟರಿನ ಸಾವಿರದಲ್ಲಿ ನಾಲ್ಕರಿಂದ ಇಪ್ಪತ್ತು ಪಾಲಿನಷ್ಟು. ಪ್ರಕೃತಿ ಆ ಅಳತೆಯಲ್ಲಿ ಒದಗಿಸಿರುವ ಆಹಾರವೆಂದರೆ ತೇಲುವ ಏಕಕೋಶ ಪಾಚಿಗಳು. ಹೊಂಗಂದು ಬಣ್ಣದ ಐಸೋಕ್ರೈಸಿಸ್, ಹಸಿರು ಬಣ್ಣದ ಟೆಟ್ರಾಸೆಲ್ಮಿಸ್, ಸಿಲಿಕದ ಹೊದಿಕೆಯ ಕೀಟೋಸೆರಾಸ್ ಇವು ಮುಖ್ಯವಾದವು. ಬೆಳೆಸಲು ತೀರ ಸುಲಭವಾದ ನ್ಯಾನೊಕ್ಲೊರಾಪ್ಸಿಸ್ ಬಹಳ ಚಿಕ್ಕದಾದುದರಿಂದ ಹಲವು ಚಿಪ್ಪುಜೀವಿಗಳ ಜರಡಿಯಲ್ಲಿ ಅದು ಅಷ್ಟಾಗಿ ನಿಲ್ಲುವುದಿಲ್ಲ, ಅದೊಂದನ್ನೇ ನೆಚ್ಚಬಾರದು.

ನಮ್ಮ ದೇಶದಲ್ಲಿ ಈ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ಕಲಿತವರು ತಮಿಳುನಾಡಿನ ತೂತ್ತುಕುಡಿಯಲ್ಲಿ ಮುತ್ತಿನ ಸಿಂಪಿಗಳ ಮೇಲೆ ಕೆಲಸ ಮಾಡಿದ ವಿಜ್ಞಾನಿಗಳು. 1947ರಲ್ಲಿ ಸ್ಥಾಪಿತವಾದ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಡಾ. ಕೆ. ಅಳಗರಸ್ವಾಮಿ ಮತ್ತು ಸಂಗಡಿಗರು 1973ರಲ್ಲಿ ಗುಂಡನೆಯ ಕೃಷಿಮುತ್ತನ್ನು ಪಡೆದರು. ಅದು ಪತ್ರಿಕೆಗಳಲ್ಲಿ ಬಂದ ಸುದ್ದಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು 1981ರ ಸಾಧನೆ. ಸಿಂಪಿಯ ಮೊಟ್ಟೆಗಳನ್ನು ಪ್ರಯೋಗಶಾಲೆಯಲ್ಲಿ ಫಲಿಸಿ, ತೇಲುವ ಮರಿಗಳನ್ನು ಸಾಕಿ, ತಳಕ್ಕೆ ಇಳಿಯುವ ಹಂತದವರೆಗೆ ಅವರು ಬೆಳೆಸಿದರು. ಆ ಮರಿಗಳಿಗೆ ಉಣಿಸಿದ್ದು ಐಸೋಕ್ರೈಸಿಸ್ ಪಾಚಿಯನ್ನು. ಯಾವುದೇ ಚಿಪ್ಪುಮರಿ ಕೇಂದ್ರಕ್ಕೆ ಹೋದರೂ ಪಾಚಿ ಬೆಳೆಸುವ ಕೊಠಡಿಯೇ ಅದರ ಅಡುಗೆಮನೆ ಎಂಬುದು ತಿಳಿಯುತ್ತದೆ. ಸಾಲು ಸಾಲು ಗಾಜಿನ ಬುದ್ದಲಿಗಳು, ಟ್ಯೂಬ್‌ಲೈಟುಗಳು, ಗುಳುಗುಳು ಗಾಳಿ. ಒಲೆ ಹೊತ್ತಿಸಿದ ಮೇಲೆ ಅತಿಥಿಯನ್ನು ಕರೆಯುವುದು ಅಲ್ಲಿಯ ಕ್ರಮ. ಅತಿಥಿಯನ್ನು ಮನೆಗೆ ಕರೆತಂದು ಒಲೆಯ ಮಾತನ್ನೇ ಎತ್ತದವನು ನಾನು.

ಮನೆಯಲ್ಲಿ ಪಾಚಿ ಬೆಳೆಸುವುದು ಕಷ್ಟವಲ್ಲ, ಆದರೆ ಶಿಸ್ತು ಬೇಕು. ಎರಡು ಲೀಟರಿನ ಸ್ವಚ್ಛವಾದ ಬಾಟಲಿಗಳು ಸಾಕು. ಕುದಿಸಿ ತಣಿಸಿದ ಅಥವಾ ಬೇರೆ ರೀತಿಯಲ್ಲಿ ಶುದ್ಧಗೊಳಿಸಿದ ಕಡಲನೀರಿಗೆ, ಗಿಲಾರ್ಡ್ ಎಂಬ ವಿಜ್ಞಾನಿಯ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಪೋಷಕದ್ರಾವಣವನ್ನು ಸೂಚಿತ ಅಳತೆಯಲ್ಲಿ ಸೇರಿಸಿ, ಮೂಲಪಾಚಿಯನ್ನು ಬೆರೆಸಿ, ಟ್ಯೂಬ್‌ಲೈಟಿನ ಪಕ್ಕದಲ್ಲಿ ಗಾಳಿಯಾಡುವಂತೆ ಇಡಬೇಕು. ಒಂದು ವಾರದ ಸುಮಾರಿಗೆ ಬಾಟಲಿಯ ನೀರು ಗಾಢ ಬಣ್ಣಕ್ಕೆ ತಿರುಗುತ್ತದೆ. ಅರ್ಧವನ್ನು ಉಣಿಸಲು ತೆಗೆದುಕೊಂಡು, ಉಳಿದರ್ಧಕ್ಕೆ ಹೊಸ ನೀರು, ಹೊಸ ಪೋಷಕ ಸೇರಿಸಬೇಕು. ನಮ್ಮ ತಾಯಂದಿರು ಹೆಪ್ಪಿಗೆ ಮಜ್ಜಿಗೆ ಉಳಿಸಿಕೊಳ್ಳುವಂತೆ. ಕಡೇಪಕ್ಷ ಎರಡು ಬಾಟಲಿಗಳನ್ನು ಬೇರೆ ಬೇರೆ ದಿನ ಆರಂಭಿಸಿಡುವುದು ಕ್ಷೇಮ, ಏಕೆಂದರೆ ಕಾರಣವೇ ತಿಳಿಯದಂತೆ ಒಂದು ಬಾಟಲಿ ಒಮ್ಮೊಮ್ಮೆ ರಾತ್ರಿ ಕಳೆಯುವಷ್ಟರಲ್ಲಿ ತಳಕ್ಕಿಳಿದು ಸತ್ತುಹೋಗುತ್ತದೆ. ಐಸೋಕ್ರೈಸಿಸ್‌ಗೆ ಬಿಸಿ ಆಗದು. ಮುಂಬಯಿ ಮತ್ತು ಚೆನ್ನೈನ ಬೇಸಿಗೆಯಲ್ಲಿ ಅದನ್ನು ಉಳಿಸಿಕೊಳ್ಳಲು ತಂಪಾದ ಕೋಣೆ ಬೇಕು. ಟೆಟ್ರಾಸೆಲ್ಮಿಸ್ ಗಟ್ಟಿಜೀವಿ. ಅಂಗಡಿಯಲ್ಲಿ ಸಾಂದ್ರೀಕರಿಸಿದ ಪಾಚಿಯ ಶೀಸೆಗಳೂ ದೊರೆಯುತ್ತವೆ. ಅವು ಅನುಕೂಲವೇ, ಆದರೆ ಸತ್ತ ಪಾಚಿ ಬಹುಬೇಗ ಕೊಳೆತು ನೀರನ್ನು ಕೆಡಿಸುತ್ತದೆ.

ಉಣಿಸುವ ವಿಧಾನದಲ್ಲಿಯೂ ತಪ್ಪುಗಳಾಗುತ್ತವೆ. ದಿನಕ್ಕೊಮ್ಮೆ ಒಂದು ಲೋಟ ಸುರಿದು ಕಚೇರಿಗೆ ಹೋಗುವುದರಿಂದ ಪ್ರಯೋಜನವಿಲ್ಲ. ಬಿಡುವಿಲ್ಲದೆ ತಿನ್ನುವ ಜೀವಿಗೆ ಬಿಡುವಿಲ್ಲದೆ ಒದಗಿಸಬೇಕು; ಆಸ್ಪತ್ರೆಯಲ್ಲಿ ರೋಗಿಗೆ ಹನಿಹನಿಯಾಗಿ ದ್ರಾವಣ ಕೊಡುವಂತೆ ನಳಿಕೆಯ ಮೂಲಕ ಪಾಚಿಯನ್ನು ತೊಟ್ಟಿಕ್ಕಿಸಬೇಕು, ಇಲ್ಲವೇ ದಿನಕ್ಕೆ ಹಲವು ಬಾರಿ ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಆ ಹೊತ್ತಿನಲ್ಲಿ ಸ್ಕಿಮ್ಮರನ್ನು ನಿಲ್ಲಿಸಬೇಕು. ನೀರಿನ ಬಣ್ಣ ತುಸುವೇ ಮಂಕಾಗಿ, ಕೆಲವು ಗಂಟೆಗಳಲ್ಲಿ ಮತ್ತೆ ತಿಳಿಯಾಗುವಷ್ಟು ಪಾಚಿಯನ್ನು ಹಾಕುವುದು ಒಳ್ಳೆಯ ಅಂದಾಜು. ಇಷ್ಟನ್ನು ಹಾಕಿದಾಗ ನೀರಿನಲ್ಲಿ ನೈಟ್ರೇಟ್ ಮತ್ತು ಫಾಸ್ಫೇಟ್ ಏರುತ್ತವೆ, ಆಗ ಹವಳಗಳು ಸೊರಗುತ್ತವೆ. ಇಕ್ಕಟ್ಟು ಇಲ್ಲಿಯೇ ಇರುವುದು. ಒಂದೇ ತೊಟ್ಟಿಯಲ್ಲಿ ಎಲ್ಲವನ್ನೂ ಇಟ್ಟು ಎಲ್ಲರನ್ನೂ ಸಂತೃಪ್ತಿಪಡಿಸುವುದು ಮನೆಯ ಮಟ್ಟದಲ್ಲಿ ಬಹುತೇಕ ಅಸಾಧ್ಯ ಎಂಬುದು ನನ್ನ ಅಭಿಪ್ರಾಯ. ಚಿಪ್ಪುಜೀವಿಯನ್ನು ಸಾಕಲೇಬೇಕೆಂಬ ಹಂಬಲವಿದ್ದರೆ ಅದಕ್ಕೆಂದೇ ಪ್ರತ್ಯೇಕ ತೊಟ್ಟಿಯಿರಲಿ. ಆ ತೊಟ್ಟಿ ಒಂದು ವರ್ಷವಾದರೂ ಹಳೆಯದಾಗಿರಲಿ.

ಇತರ ಎಚ್ಚರಿಕೆಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮೀನಿನ ರೋಗಕ್ಕೆ ಬಳಸುವ ತಾಮ್ರದ ಔಷಧಿಗಳು ಚಿಪ್ಪುಜೀವಿಗಳಿಗೆ ವಿಷ. ಒಮ್ಮೆ ತಾಮ್ರ ಬಳಸಿದ ತೊಟ್ಟಿಯ ಕಲ್ಲು ಮರಳುಗಳಲ್ಲಿ ಅದರ ಅಂಶ ಉಳಿದಿರುತ್ತದೆ. ಬುಡ್ಡಮೀನು, ಚಿಟ್ಟೆಮೀನು, ದೊಡ್ಡ ಏಡಿ, ನಕ್ಷತ್ರಮೀನುಗಳ ಜೊತೆಗೆ ಇವನ್ನು ಇಡಬಾರದು. ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಬೇಕು. ಲೀಟರಿಗೆ 400 ಮಿಲಿಗ್ರಾಂನ ಆಸುಪಾಸಿನಲ್ಲಿರಲಿ. ಸತ್ತ ಚಿಪ್ಪುಜೀವಿ ಒಂದೇ ದಿನದಲ್ಲಿ ಕೊಳೆತು ಇಡೀ ತೊಟ್ಟಿಯ ಮೀನುಗಳನ್ನು ಬಲಿ ತೆಗೆದುಕೊಳ್ಳಬಲ್ಲದು. ಆದುದರಿಂದ ಪ್ರತಿದಿನ ನೆರಳು ಬೀಳಿಸಿ ನೋಡಬೇಕು, ಜೀವವಿದ್ದರೆ ಚಿಪ್ಪು ಮುಚ್ಚಿಕೊಳ್ಳುತ್ತದೆ. ಎಳೆಗಳು ಗಿಡ್ಡವಾಗುವುದು, ಮೈಯ ಹೊದಿಕೆ ಚಿಪ್ಪಿನ ಅಂಚಿನಿಂದ ಒಳಕ್ಕೆ ಸರಿಯುವುದು, ನೆರಳಿಗೆ ನಿಧಾನವಾಗಿ ಪ್ರತಿಕ್ರಿಯಿಸುವುದು ಇವು ಹಸಿವಿನ ಲಕ್ಷಣಗಳು. ನಂಬಬಹುದಾದ ಒಂದೇ ಶುಭಲಕ್ಷಣವೆಂದರೆ ಚಿಪ್ಪಿನ ತುದಿಯಲ್ಲಿ ತೆಳುವಾದ, ಹೊಸದಾದ ಬೆಳವಣಿಗೆಯ ಅಂಚು. ತಿಂಗಳಿಗೊಮ್ಮೆ ಅಳತೆಪಟ್ಟಿಯ ಪಕ್ಕದಲ್ಲಿ ಛಾಯಾಚಿತ್ರ ತೆಗೆದಿಟ್ಟುಕೊಂಡರೆ ನಮ್ಮ ಕಣ್ಣು ನಮಗೇ ಮೋಸ ಮಾಡುವುದು ತಪ್ಪುತ್ತದೆ.

ಇನ್ನು ಬೃಹತ್ ಚಿಪ್ಪುಜೀವಿಗಳು, ಅಂದರೆ ಟ್ರೈಡಾಕ್ನಗಳು. ನೀಲಿ, ಹಸಿರು, ಚಿನ್ನದ ಬಣ್ಣಗಳ ಇವುಗಳ ಮೈಯೊಳಗೆ ಸೂಕ್ಷ್ಮಪಾಚಿಗಳು ಒಕ್ಕಲಿರುತ್ತವೆ. ಬೆಳಕಿನಲ್ಲಿ ಪಾಚಿ ತಯಾರಿಸಿದ ಆಹಾರದ ಹೆಚ್ಚಿನ ಪಾಲು ಒಡೆಯನಿಗೆ ಸಲ್ಲುತ್ತದೆ. ಆದ್ದರಿಂದ ಇವು ನೀರನ್ನು ಸೋಸಿ ತಿನ್ನುವುದರ ಜೊತೆಗೆ ಪ್ರಖರ ಬೆಳಕನ್ನೂ ಉಣ್ಣುತ್ತವೆ, ತೊಟ್ಟಿಯಲ್ಲಿ ಉಳಿಯುವುದೂ ಉಂಟು. ಈ ಕುಲದ ಅತಿದೊಡ್ಡ ಜಾತಿ ಒಂದು ಮೀಟರಿಗಿಂತ ಅಗಲವಾಗಿ, ಇನ್ನೂರು ಕಿಲೋಗ್ರಾಂಗೂ ಮಿಕ್ಕಿ ತೂಗುತ್ತದೆ. ಆದರೆ ಇಲ್ಲಿ ಕಾನೂನಿನ ಮಾತು ಬರುತ್ತದೆ. ನಮ್ಮ ಲಕ್ಷದ್ವೀಪ ಮತ್ತು ಅಂಡಮಾನ್ ನಿಕೋಬಾರ್ ದ್ವೀಪಗಳಲ್ಲಿ ಸಿಗುವ ಟ್ರೈಡಾಕ್ನ ಮ್ಯಾಕ್ಸಿಮ ಮತ್ತು ಟ್ರೈಡಾಕ್ನ ಸ್ಕ್ವಾಮೋಸ ಜಾತಿಗಳನ್ನು 2001ರಲ್ಲಿ ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಹುಲಿ ಆನೆಗಳಿರುವ ಅನುಸೂಚಿಯೇ ಅದು. ಗಟ್ಟಿ ಹವಳಗಳೂ ಅದೇ ವರ್ಷ ಅಲ್ಲಿ ಸೇರಿದವು. ಅಧಿನಿಯಮಕ್ಕೆ 2022ರಲ್ಲಿ ತಿದ್ದುಪಡಿಯಾಗಿ ಅನುಸೂಚಿಗಳನ್ನು ಪುನಾರಚಿಸಲಾಗಿದೆ. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶೀ ಜೀವಿಗಳನ್ನು ಇಟ್ಟುಕೊಂಡವರು ಅವನ್ನು ನೋಂದಾಯಿಸಬೇಕಾಗಿದೆ, ಮತ್ತು ಟ್ರೈಡಾಕ್ನ ಕುಲದ ಎಲ್ಲ ಜಾತಿಗಳೂ ಆ ಪಟ್ಟಿಯಲ್ಲಿವೆ. ‘ಎಲ್ಲರೂ ಇಡುತ್ತಾರೆ ಸಾರ್’ ಎಂಬ ಅಂಗಡಿಯವನ ಭರವಸೆಯನ್ನು ನ್ಯಾಯಾಲಯ ಒಪ್ಪುವುದಿಲ್ಲ. ಕಾಗದಪತ್ರಗಳಿಲ್ಲದೆ ತೋರಿಸುವ ಜೀವಿಯನ್ನು, ಅದೆಷ್ಟೇ ಸುಂದರವಾಗಿರಲಿ, ಮುಟ್ಟಬಾರದು.

ನಾನು ಬೆಂಕಿಬಣ್ಣದ ಜೀವಿಯನ್ನು ಮತ್ತೆ ತರಲಿಲ್ಲ. ಒಂದು ವರ್ಷ ಬರಿಯ ಪಾಚಿಯನ್ನು ಬೆಳೆಸಿದೆ. ಆಮೇಲೆ ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದಾದ ಆರು ನೀಲಿಕಲ್ಲುಗಳನ್ನು ತಂದು ಪ್ರತ್ಯೇಕ ತೊಟ್ಟಿಯಲ್ಲಿ ಇಟ್ಟೆ. ಇವು ನಮ್ಮ ಕರಾವಳಿಯ ಜೀವಿಗಳು. ಬಿಸಿಗೂ, ಲವಣಾಂಶದ ಏರಿಳಿತಕ್ಕೂ ಒಗ್ಗಿಕೊಂಡವು. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಅಳಿವೆಗಳಲ್ಲಿ ಇವನ್ನು ಹಗ್ಗಗಳ ಮೇಲೆ ಕೃಷಿ ಮಾಡಿದ್ದಾರೆ. ನೆಂಟರಾರೂ ಅವನ್ನು ನೋಡಲು ಬರಲಿಲ್ಲ. ನನಗೆ ಮಾತ್ರ ಅವುಗಳ ಅಂಚಿನಲ್ಲಿ ಹೊಸ ಹಸಿರು ಗೆರೆ ಮೂಡಿದ ದಿನ ಆದ ಸಂತೋಷವನ್ನು ಬಣ್ಣಿಸಲಾರೆ. ಮಗಳು ಅಳತೆಪಟ್ಟಿ ಹಿಡಿದು, ನೋಟ್‌ಬುಕ್ಕಿನಲ್ಲಿ ಮಿಲಿಮೀಟರುಗಳನ್ನು ಬರೆದಿಟ್ಟಳು. ಆರರಲ್ಲಿ ಐದು ಉಳಿದವು.

ಅಪರೂಪದ್ದೇ ಬೇಕೆನ್ನುವವರು ಕುಮಟೆಯ ಬಳಿಯ ಅಘನಾಶಿನಿ ಅಳಿವೆಗೆ ಒಮ್ಮೆ ಇಳಿತದ ಹೊತ್ತಿಗೆ ಹೋಗಬೇಕು. ಮೊಣಕಾಲುದ್ದದ ನೀರಿನಲ್ಲಿ ಹೆಂಗಸರು ಗಂಡಸರು ಬಳಚು ಹೆಕ್ಕುತ್ತಿರುತ್ತಾರೆ. ನೂರಾರು ಕುಟುಂಬಗಳ ಜೀವನ ಅದರಿಂದ ಸಾಗುತ್ತದೆ. ಆ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂದು ರಾಮ್‌ಸಾರ್ ಪಟ್ಟಿಗೆ ಸೇರಿಸಲಾಗಿದೆ. ಅಲ್ಲಿಯ ನೀರು ನಮ್ಮ ತೊಟ್ಟಿಗಳ ನೀರಿನಂತೆ ತಿಳಿಯಲ್ಲ. ತುಸು ಮಂಕು, ತುಸು ಹಸಿರು.

ಈಗ ಮೇಜಿನ ಕಡೆಗೆ ನೋಡೋಣ. ಎಡಗಡೆಯ ಜಾಡಿ ಇನ್ನೂ ಹಸಿರಾಗಿಯೇ ಇದೆ. ಬಲಗಡೆಯದರ ಹಿಂದಿನ ಹಾಳೆಯ ದಪ್ಪಕ್ಷರಗಳು ಮುಂದಿನ ಸಾಲಿನವರಿಗೆ ಕಾಣುತ್ತಿರಬೇಕು. ಇನ್ನು ಅರ್ಧ ಗಂಟೆ ಕಳೆದರೆ ಸಣ್ಣಕ್ಷರಗಳೂ ಕಂಡಾವು. ಮಕ್ಕಳು ಹತ್ತಿರ ಬಂದು, ಜಾಡಿಯನ್ನು ಅಲುಗಿಸದೆ, ಚಿಪ್ಪುಗಳ ನಡುವಿನಿಂದ ಹೊರಚಾಚಿರುವ ಎರಡು ಸಣ್ಣ ಕೊಳವೆಗಳನ್ನು ಗಮನಿಸಬಹುದು. ಒಂದರಿಂದ ನೀರು ಒಳಗೆ, ಇನ್ನೊಂದರಿಂದ ಹೊರಗೆ. ಈ ಹನ್ನೆರಡನ್ನು ಸಂಜೆ ಏನು ಮಾಡುತ್ತೀರಿ ಎಂದು ಆಗಲೇ ಒಬ್ಬ ತಾಯಿ ವಿಚಾರಿಸಿದ್ದಾರೆ. ಹೊತ್ತುಗಟ್ಟಲೆ ಕೋಣೆಯ ಶಾಖದಲ್ಲಿದ್ದ ಇವು ಅಡುಗೆಗೆ ಯೋಗ್ಯವಲ್ಲ ತಾಯಿ; ನನ್ನ ಸ್ನೇಹಿತರ ಮನೆಯ ನೀಲಿಕಲ್ಲಿನ ತೊಟ್ಟಿಗೆ, ಮರಳಿರುವ ಮೂಲೆಗೆ ಹೋಗುತ್ತವೆ.

ಮೇಜಿನ ಕೆಳಗೆ ಟೆಟ್ರಾಸೆಲ್ಮಿಸ್ ತುಂಬಿದ ಐದು ಚಿಕ್ಕ ಬಾಟಲಿಗಳಿವೆ. ಆಸಕ್ತರು ತೆಗೆದುಕೊಂಡು ಹೋಗಬಹುದು, ಹಣ ಬೇಡ. ಒಂದೇ ಷರತ್ತು: ಅದನ್ನು ಎರಡು ತಿಂಗಳು ಸಾಯಗೊಡದೆ ಉಳಿಸಿಕೊಂಡ ನಂತರವೇ ಚಿಪ್ಪುಜೀವಿಗಳನ್ನು ಮಾರುವ ಅಂಗಡಿಯ ಮೆಟ್ಟಿಲು ಹತ್ತಬೇಕು. ಬಾಟಲಿಯ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಬೇಡಿ. ಮನೆ ಸೇರಿದ ಕೂಡಲೇ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ ಇಡಿ.